ಇಂಗ್ಲಿಷಿನ ಒಂದೇ ಪದಕ್ಕೆ ಪೋರ್ಚುಗೀಸಲ್ಲಿ ಆರು ಪದ ಇದ್ರೆ ಯಾವ್ದು ಹಾಕೋದು?

ಒಂದ್ಸಲ ಒಂದು ಆ್ಯಪ್‌ನ ಪದಪಟ್ಟಿನ ಇಂಗ್ಲಿಷಿಂದ ಪೋರ್ಚುಗೀಸಿಗೆ ಮಾಡ್ಕೊಡೋ ಕೆಲಸ ಬಂದಿತ್ತು ನಂಗೆ. ಎಕ್ಸೆಲ್ ಶೀಟು, ಎಡಗಡೆ ಇಂಗ್ಲಿಷು, ಬಲಗಡೆ ಖಾಲಿ ಕಾಲಂ. ಒಂದು ಸಾಲಲ್ಲಿ ಬರೀ 'ಕೀ' ಅಂತಿತ್ತು, ಹಿಂದೂ ಇಲ್ಲ ಮುಂದೂ ಇಲ್ಲ. ನಾನು ಯೋಚ್ನೇನೇ ಮಾಡ್ದೆ 'ಶಾವಿ' ಅಂತ ತುಂಬಿಸಿ ಮುಂದಿನ ಸಾಲಿಗೆ ಹೋದೆ. ಆಮೇಲೆ ಆ್ಯಪ್ ತೆಗೆದು ನೋಡಿದ್ರೆ ಅದು ಮ್ಯಾಪ್ ಪಕ್ಕದಲ್ಲಿ ಯಾವ ಬಣ್ಣ ಅಂದ್ರೆ ಏನು ಅಂತ ತೋರಿಸೋ ಡಬ್ಬಿಯ ಹೆಡ್ಡಿಂಗು, ಅದರ ತಲೆ ಮೇಲೆ ನಾನು ಬೀಗದ ಕೈ ನೇತುಹಾಕಿದ್ದೆ.

'ಕೀ'ಗೆ ಪೋರ್ಚುಗೀಸಲ್ಲಿ ಏನೇನಿದೆ ನೋಡಿ. ಬೀಗದ್ದಾದ್ರೆ 'ಶಾವಿ'. ಕೀಬೋರ್ಡಲ್ಲೋ ಪಿಯಾನೋದಲ್ಲೋ ಬೆರಳಲ್ಲಿ ಒತ್ತೋದಾದ್ರೆ 'ತೆಕ್ಲ'. ಹಾಡು ಯಾವ ಶ್ರುತೀಲಿದೆ ಅನ್ನೋದಾದ್ರೆ 'ತೊಂ'. ಮ್ಯಾಪಿನದ್ದಾದ್ರೆ 'ಲೆಜೆಂದ'. ಪರೀಕ್ಷೆ ಮುಗಿದ್ಮೇಲೆ ಬಿಡ್ತಾರಲ್ಲ ಕೀ ಉತ್ತರ, ಅದು ಬ್ರೆಜಿಲ್ಲಲ್ಲಿ 'ಗಬರೀತು'. ಕೀ ಪಾಯಿಂಟ್ ಅನ್ನೋ ಥರ ಮುಖ್ಯವಾದದ್ದು ಅನ್ನೋ ಅರ್ಥ ಇದ್ರೆ 'ಪ್ರಿನ್ಸಿಪಾಲ್' ಅಥವಾ 'ಫುಂದಮೆಂತಾಲ್', ಆದ್ರೆ ಕೀವರ್ಡ್‌ಗೆ ಮಾತ್ರ 'ಪಲಾವ್ರ-ಶಾವಿ', ಅಲ್ಲಿ ಬೀಗದ ಕೈ ತಿರುಗಾ ವಾಪಸ್ ಬರುತ್ತೆ. ಆರೇಳು ಆಯ್ತು, ಇನ್ನೂ ಹುಡುಕಿದ್ರೆ ಸಿಗುತ್ತೆ.

ಮುಂದೆ ಹೋಗೋ ಮೊದ್ಲು ಒಂದು ಮಾತು. ಇಲ್ಲಿ ಪೋರ್ಚುಗೀಸ್ ಪದಗಳನ್ನ ಹೆಚ್ಚೂಕಡಿಮೆ ಬ್ರೆಜಿಲ್ಲಿನ ಉಚ್ಚಾರಣೆ ಥರ ಕನ್ನಡದಲ್ಲಿ ಬರೀತಿದೀನಿ. ಪೋರ್ಚುಗೀಸ್ ಸ್ಪೆಲ್ಲಿಂಗಲ್ಲಿ ಕೊನೇಲಿ 'ಓ' ಅಂತ ಬರೆದಿರೋದು ಮಾತಲ್ಲಿ 'ಉ' ಆಗುತ್ತೆ, 'ಎ' ಅಂತ ಬರೆದಿರೋದು 'ಇ' ಆಗುತ್ತೆ, ಹಾಗಾಗಿ ಡಿಕ್ಷನರೀಲಿ ಹುಡುಕುವಾಗ ಅದನ್ನ ತಲೇಲಿಟ್ಕೊಳ್ಳಿ.

ಈಗ ವಿಷಯಕ್ಕೆ ಬರೋಣ. ತುಂಬಾ ಜನ ಡಿಕ್ಷನರಿ ತೆಗೆದು ಮೊದಲನೇ ಅರ್ಥ ಎತ್ಕೊಂಡು ಬಂದ್ಬಿಡ್ತಾರೆ, ನಾನೂ ಹಂಗೇ ಮಾಡ್ತಿದ್ದೆ. ಆದ್ರೆ ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನ ನಾವು ಉಪಯೋಗಿಸ್ಕೊಳ್ಳೋದೇ ಇಲ್ಲ. ಇಂಗ್ಲಿಷ್ ವಾಕ್ಯ ನೋಡಿದ ತಕ್ಷಣ ಪೋರ್ಚುಗೀಸಿಗೆ ಜಿಗೀಬೇಡಿ, ಮಧ್ಯದಲ್ಲಿ ಕನ್ನಡದ ಜರಡಿ ಹಿಡೀರಿ. ಆ ವಾಕ್ಯನ ಮನೇಲಿ ಮಾತಾಡೋ ಕನ್ನಡದಲ್ಲಿ ಒಂದ್ಸಲ ಹೇಳ್ಕೊಳ್ಳಿ. ಇಂಗ್ಲಿಷಲ್ಲಿ ಒಂದೇ ಗಂಟಾಗಿದ್ದ ಪದ ಕನ್ನಡದಲ್ಲಿ ಬಿಚ್ಕೊಳ್ಳುತ್ತೆ, ಬಿಚ್ಕೊಂಡ ಪ್ರತಿ ಎಳೆಗೂ ಪೋರ್ಚುಗೀಸಲ್ಲಿ ಬೇರೆ ಪದ ಇರೋ ಸಾಧ್ಯತೆ ಜಾಸ್ತಿ. ಮೇಲಿನ 'ಕೀ'ನೇ ನೋಡಿ: ಬೀಗದ ಕೈ, ಒತ್ತೋ ಗುಂಡಿ, ಶ್ರುತಿ, ಚಿಹ್ನೆಗಳ ವಿವರಣೆ, ಸರಿ ಉತ್ತರ, ಮುಖ್ಯ. ಕನ್ನಡದಲ್ಲಿ ಹೇಳ್ಕೊಂಡಿದ್ರೆ ಆವತ್ತೇ ಗೊತ್ತಾಗಿರೋದು ಇದು ಯಾವ ಕೀ ಅಂತ ನಂಗೆ ಗೊತ್ತಿಲ್ಲ, ಕೇಳ್ಬೇಕು ಅಂತ.

ಜರಡಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ, ಕನ್ನಡದಲ್ಲಿ ಹೇಳುವಾಗ ಇಂಗ್ಲಿಷ್ ಪದ ಬಳಸಂಗಿಲ್ಲ. ನಾವು ದಿನಾ ಟೈಮು, ಲೈಟು, ಫ್ರೀ, ಸೆಟ್ಟು ಅಂತ ಎಷ್ಟು ಬಳಸ್ತೀವಿ ಅಂದ್ರೆ ಗಂಟು ಹಂಗೇ ಕನ್ನಡದೊಳಕ್ಕೂ ಬಂದು ಕೂತ್ಬಿಟ್ಟಿದೆ. 'ಫ್ರೀ ಇದೀರಾ' ಅಂತೀವಿ, 'ಫ್ರೀಯಾಗಿ ಕೊಟ್ರು' ಅಂತೀವಿ, 'ಕೈ ಫ್ರೀ ಮಾಡ್ಕೊ' ಅಂತೀವಿ. ಅದನ್ನ ಬಿಡುವು, ಪುಕ್ಕಟೆ, ಖಾಲಿ ಅಂತ ಒಡೆದಾಗ್ಲೇ ಪೋರ್ಚುಗೀಸ್ ಕಾಣೋದು: ಬಿಡುವಿಗೆ 'ಲೀವ್ರಿ', ಪುಕ್ಕಟೆಗೆ 'ಗ್ರಾತಿಸ್' ಇಲ್ಲಾ ಮಾತಲ್ಲಿ 'ಜಿ ಗ್ರಾಸ'. ಫ್ರೀ ಸಾಫ್ಟ್‌ವೇರ್ ಅನ್ನೋದನ್ನ ದುಡ್ಡು ಕೊಡ್ಬೇಕಾಗಿಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರೆ ಒಂದು ಪದ, ಕೋಡ್ ಯಾರು ಬೇಕಾದ್ರೂ ತಿದ್ಬಹುದು ಅನ್ನೋ ಸ್ವಾತಂತ್ರ್ಯದ ಅರ್ಥದಲ್ಲಿ ಹೇಳಿದ್ರೆ ಇನ್ನೊಂದು ಪದ. ಇಂಗ್ಲಿಷಿನವರು ಇದಕ್ಕೋಸ್ಕರ ವರ್ಷಗಟ್ಟಲೆ ವಿವರಣೆ ಕೊಡ್ತಾ ಬಂದಿದಾರೆ, ಪೋರ್ಚುಗೀಸಲ್ಲಿ 'ಸಾಫ್ಟ್‌ವೇರ್ ಲೀವ್ರಿ' ಅಂದ್ರೆ ಗಲಾಟೆನೇ ಇಲ್ಲ.

'ಟೈಮ್' ಇನ್ನೂ ಚೆನ್ನಾಗಿ ಒಡೆಯುತ್ತೆ. 'ಪುರುಸೊತ್ತಿಲ್ಲ' ಅನ್ನೋ ಕಡೆ 'ತೆಂಪು'. 'ಎಷ್ಟು ಗಂಟೆ', 'ಹೊರಡೋ ಹೊತ್ತಾಯ್ತು' ಅನ್ನೋ ಕಡೆ 'ಓರ'. 'ಮೂರು ಸಲ' ಅನ್ನೋ ಕಡೆ 'ವೇಸ್', ಬಹುವಚನದಲ್ಲಿ 'ವೇಜಿಸ್'. ಗುಣಾಕಾರದಲ್ಲಿ ಎರಡು ಮೂರ್ಲ ಅಂತೀವಲ್ಲ ಅಲ್ಲೂ ಇದೇ 'ವೇಜಿಸ್'. 'ತೆಂಪು' ಅಂದ್ರೆ ಹವಾಮಾನ ಅಂತಾನೂ ಅರ್ಥ ಇರೋದ್ರಿಂದ ಯಾರಾದ್ರೂ 'ತೆಂಪು' ಹೇಗಿದೆ ಅಂತ ಕೇಳಿದ್ರೆ ಆಕಾಶ ನೋಡಿ ಉತ್ತರ ಕೊಡಿ, ಗಡಿಯಾರ ನೋಡ್ಬೇಡಿ. ಇನ್ನೊಂದು ಮಜಾ ಇದೆ, ಬ್ರೆಜಿಲ್ಲಿನ ಪೇಪರಲ್ಲಿ ಇಂಗ್ಲಿಷಿನ ಟೈಮ್ ಅನ್ನೋದೇ ಸ್ಪೆಲ್ಲಿಂಗಲ್ಲಿ ಒಂದು ಪದ ಕಾಣುತ್ತೆ, ಅದನ್ನ 'ಚೀಮಿ' ಅಂತ ಓದ್ತಾರೆ, ಅರ್ಥ ಫುಟ್‌ಬಾಲ್ ಟೀಮು.

'ಲೈಟ್' ಬಗ್ಗೆ ಜಾಸ್ತಿ ಹೇಳಲ್ಲ, ಬೆಳಕು 'ಲೂಸ್', ಹಗುರ 'ಲೆವಿ', ತಿಳಿ ಬಣ್ಣ 'ಕ್ಲಾರು', ಹಚ್ಚೋದು 'ಅಸೆಂದೇರ್', ಅಷ್ಟೇ.

ನಂಗೆ ಈ ಜರಡಿ ಮೇಲೆ ನಂಬಿಕೆ ಬಂದಿದ್ದು 'ಕ್ಯಾನ್' ಅನ್ನೋ ಪುಟಾಣಿ ಪದದಿಂದ. ಇಂಗ್ಲಿಷಲ್ಲಿ 'ಐ ಕ್ಯಾನ್ ಸ್ವಿಮ್', 'ಯು ಕ್ಯಾನ್ ಸ್ವಿಮ್ ಹಿಯರ್', 'ಐ ಕಾಂಟ್ ಸ್ವಿಮ್ ಟುಡೇ' ಮೂರಕ್ಕೂ ಒಂದೇ ಪದ. ಈಗ ಕನ್ನಡದಲ್ಲಿ ಹೇಳಿ. ನಂಗೆ ಈಜೋಕೆ ಬರುತ್ತೆ. ನೀವು ಇಲ್ಲಿ ಈಜಬಹುದು. ಕೈ ನೋವು, ಇವತ್ತು ಈಜೋಕಾಗಲ್ಲ. ಬರುತ್ತೆ, ಬಹುದು, ಆಗುತ್ತೆ. ಪೋರ್ಚುಗೀಸಲ್ಲೂ ಸರಿಯಾಗಿ ಮೂರೇ: ಕಲಿತು ಬಂದ ವಿದ್ಯೆಗೆ 'ಸಬೇರ್', ಅನುಮತಿ ಅಥವಾ ಸಾಧ್ಯತೆಗೆ 'ಪೊದೇರ್', ಪ್ರಯತ್ನ ಮಾಡಿ ಕೈಗೂಡೋದಕ್ಕೆ 'ಕೊನ್ಸೆಗೀರ್'. ಇಂಗ್ಲಿಷ್ ಮಾತೃಭಾಷೆಯವರು ಈ ಮೂರರ ವ್ಯತ್ಯಾಸ ಹಿಡಿಯೋಕೆ ಒದ್ದಾಡ್ತಾರೆ, ನಮಗೆ ಹುಟ್ಟಿನಿಂದ ಗೊತ್ತಿರೋದು. ಡಬ್ಬದ 'ಕ್ಯಾನ್' ಬೇರೆ ಇದೆ, ಅದು 'ಲಾತ'.

'ಗೆಟ್' ಅನ್ನೋ ಮಹಾ ತಲೆನೋವಿನ ಪದಕ್ಕೂ ಇದೇ ಮದ್ದು. ಅದನ್ನ ನೇರವಾಗಿ ಅನುವಾದ ಮಾಡೋಕೆ ಯಾವತ್ತೂ ಹೋಗ್ಬೇಡಿ. ಸಿಕ್ತು, ಬಂತು, ತಗೊಂಡೆ, ತಲುಪ್ದೆ, ಅರ್ಥ ಆಯ್ತು, ತಂದ್ಕೊಡು, ಹಿಂಗಾಯ್ತು, ಇದ್ರಲ್ಲಿ ಯಾವ್ದು ಅಂತ ಮೊದ್ಲು ನೋಡಿ. ಕಾಗದ ಬಂತು ಅಂದ್ರೆ 'ರೆಸೆಬೇರ್', ಊರು ತಲುಪ್ದೆ ಅಂದ್ರೆ 'ಶೆಗಾರ್', ಅರ್ಥ ಆಯ್ತು ಅಂದ್ರೆ 'ಎಂತೆಂದೇರ್', ಹೋಗಿ ಕರ್ಕೊಂಡೋ ತಗೊಂಡೋ ಬರೋದಾದ್ರೆ 'ಬುಸ್ಕಾರ್', ಪರಿಸ್ಥಿತಿ ಬದಲಾಗಿ 'ಆಯ್ತು' ಅನ್ನೋದಕ್ಕೆಲ್ಲ 'ಫಿಕಾರ್'. ಬೇಜಾರಾಯ್ತು, ಹುಷಾರು ತಪ್ಪಿದ, ಕತ್ತಲಾಗ್ತಿದೆ, ಲೇಟಾಗ್ತಿದೆ, ಎಲ್ಲಾ 'ಫಿಕಾರ್'. ಕನ್ನಡದ 'ಆಗು' ಎಲ್ಲಿ ಬರುತ್ತೋ ಅಲ್ಲಿ ಒಂದ್ಸಲ 'ಫಿಕಾರ್' ಇಟ್ಟು ನೋಡೋದು ನನ್ನ ಅಭ್ಯಾಸ, ಹತ್ತಕ್ಕೆ ಹತ್ತು ಸಲ ಅಲ್ದಿದ್ರೂ ಸುಮಾರು ಸಲ ಕೂರುತ್ತೆ.

'ಈಸ್', 'ಆರ್'ಗೆ ಪೋರ್ಚುಗೀಸಲ್ಲಿ 'ಸೇರ್' ಮತ್ತೆ 'ಇಸ್ತಾರ್' ಅಂತ ಎರಡಿದೆ, ಕಲಿಯೋರೆಲ್ಲ ಮೊದ್ಲು ಮುಗ್ಗರಿಸೋದು ಇಲ್ಲೇ. ಇದಕ್ಕೂ ನಂದೊಂದು ನಾಟಿ ವಿಧಾನ ಇದೆ. ಕನ್ನಡದಲ್ಲಿ ಹೇಳುವಾಗ ಕೊನೇಲಿ ಕ್ರಿಯಾಪದನೇ ಬೇಕಾಗ್ಲಿಲ್ಲ ಅಂದ್ರೆ 'ಸೇರ್': ಅವರು ಡಾಕ್ಟರು, ಇದು ನನ್ನ ಪುಸ್ತಕ. 'ಇದೆ', 'ಇದಾನೆ', 'ಆಗಿದೆ' ಬಂತು ಅಂದ್ರೆ 'ಇಸ್ತಾರ್': ಅವ್ನು ಒಳಗಿದಾನೆ, ನೀರು ಬಿಸಿಯಾಗಿದೆ. ಆದ್ರೆ ಲೈಬ್ರರಿ ಎಲ್ಲಿದೆ, ಸ್ಟೇಷನ್ ಎಲ್ಲಿದೆ ಅಂತ ಜಾಗ ಬಿಟ್ಟು ಕದಲದೇ ಇರೋದನ್ನ ಕೇಳುವಾಗ 'ಇದೆ' ಬಂದ್ರೂ 'ಇಸ್ತಾರ್' ಅಲ್ಲ, ಅಲ್ಲಿ 'ಫಿಕಾರ್' ಅಥವಾ 'ಸೇರ್'. ಅವ್ಳು ಚೆನ್ನಾಗಿದಾಳೆ ಅನ್ನೋದ್ರಲ್ಲೂ ಈ ವಿಧಾನ ಕೈಕೊಡುತ್ತೆ, ಯಾಕಂದ್ರೆ ಯಾವಾಗ್ಲೂ ಚೆಂದ ಅನ್ನೋದಕ್ಕೆ 'ಸೇರ್', ಇವತ್ತು ಈ ಬಟ್ಟೇಲಿ ಚೆಂದ ಕಾಣ್ತಿದಾಳೆ ಅನ್ನೋದಕ್ಕೆ 'ಇಸ್ತಾರ್', ಕನ್ನಡ ಎರಡಕ್ಕೂ ಒಂದೇ ಥರ ಹೇಳಿ ಸುಮ್ನಾಗುತ್ತೆ.

ಜರಡಿ ತೂತಾಗಿರೋ ಜಾಗಗಳು

ಇದನ್ನ ಹೇಳ್ದೆ ಹೋದ್ರೆ ನಿಮಗೆ ಮೋಸ ಮಾಡ್ದಂಗೆ. ಕೆಲವು ಕಡೆ ಕನ್ನಡವೂ ಇಂಗ್ಲಿಷಿನ ಹಾಗೇ, ಕೆಲವು ಕಡೆ ಅದಕ್ಕಿಂತ ಜಾಸ್ತಿ ಗಂಟು ಕಟ್ಕೊಂಡಿರುತ್ತೆ. ಅತಿ ದೊಡ್ಡ ತೂತು 'ಕೇಳು'. ಇಂಗ್ಲಿಷಿನ 'ಆಸ್ಕ್' ಎರಡು ಕೆಲಸ ಮಾಡುತ್ತೆ, ಪ್ರಶ್ನೆ ಕೇಳೋದು ಮತ್ತೆ ಏನಾದ್ರೂ ಬೇಕು ಅಂತ ಕೇಳೋದು. ಪೋರ್ಚುಗೀಸಲ್ಲಿ ಮೊದಲನೇದು 'ಪೆರ್ಗುಂತಾರ್', ಎರಡನೇದು 'ಪೆಜೀರ್'. ಕನ್ನಡದಲ್ಲಿ ಎರಡೂ 'ಕೇಳು', ಸಾಲದ್ದಕ್ಕೆ ಹಾಡು ಕೇಳೋದೂ ಅದೇ 'ಕೇಳು', ಅದಕ್ಕೆ ಪೋರ್ಚುಗೀಸಲ್ಲಿ 'ಒವೀರ್' ಇಲ್ಲಾ 'ಇಸ್ಕುತಾರ್'. ನಾನು ಎಷ್ಟೋ ತಿಂಗಳು ನೀರನ್ನ 'ಪೆರ್ಗುಂತಾರ್' ಮಾಡ್ತಿದ್ದೆ, ಅಂದ್ರೆ ನೀರಿಗೇ ಪ್ರಶ್ನೆ ಹಾಕ್ತಿದ್ದೆ, ಎದುರಿಗಿದ್ದೋರು ಪಾಪ ಅರ್ಥ ಮಾಡ್ಕೊಂಡು ಲೋಟ ಕೊಡೋರು. ಇದಕ್ಕೆ ಪರೀಕ್ಷೆ ಸುಲಭ, ಕೇಳಿದ್ಮೇಲೆ ಕೈಗೆ ಬರೋದು ಉತ್ತರನಾ ವಸ್ತುನಾ ಅಂತ ನೋಡಿ. ಉತ್ತರ ಆದ್ರೆ ಮೊದಲನೇದು, ವಸ್ತುವೋ ಸಹಾಯವೋ ಆದ್ರೆ ಎರಡನೇದು.

'ನೋ' ಅನ್ನೋ ಕ್ರಿಯಾಪದ, ಅಂದ್ರೆ ಗೊತ್ತಿರೋದು, ಅದೂ ಹಿಂಗೇ. ವಿಷಯ ಗೊತ್ತಿದ್ರೆ 'ಸಬೇರ್', ಜನ ಅಥವಾ ಊರು ಗೊತ್ತಿದ್ರೆ 'ಕೊನ್ಯೆಸೇರ್'. ನಾವು ಎಲ್ಲದಕ್ಕೂ 'ಗೊತ್ತು' ಅಂದ್ಬಿಡ್ತೀವಿ. ಗೊತ್ತು ತೆಗೆದು 'ಪರಿಚಯ ಇದೆ' ಅಂತ ಇಟ್ರೆ ವಾಕ್ಯ ನಿಲ್ಲುತ್ತಾ ನೋಡಿ, ನಿಂತ್ರೆ 'ಕೊನ್ಯೆಸೇರ್'.

'ಪ್ಲೇ'ನಲ್ಲಿ ಅರ್ಧ ಸಿಗುತ್ತೆ ಅರ್ಧ ಸಿಗಲ್ಲ. ವೀಣೆ ನುಡಿಸೋದು, ತಬಲಾ ಬಾರಿಸೋದು ಎರಡಕ್ಕೂ 'ತೊಕಾರ್', ಕನ್ನಡ ಅದನ್ನ ಆಟದಿಂದ ಬೇರೆ ಮಾಡ್ಕೊಡುತ್ತೆ. ಆದ್ರೆ 'ಆಡು' ಒಳಗೆ ಇನ್ನೆರಡಿದೆ. ನಿಯಮ, ಸೋಲು ಗೆಲುವು ಇರೋ ಆಟ 'ಜೊಗಾರ್', ಮಕ್ಕಳು ಗೊಂಬೆ ಇಟ್ಕೊಂಡು ಆಡೋದು 'ಬ್ರಿಂಕಾರ್'. ತಮಾಷೆ ಮಾಡ್ತಿದೀನಿ ಅನ್ನೋದೂ 'ಬ್ರಿಂಕಾರ್'ನಿಂದಾನೇ. ದೊಡ್ಡೋರು ಫುಟ್‌ಬಾಲನ್ನ 'ಬ್ರಿಂಕಾರ್' ಮಾಡಿದ್ರು ಅಂದ್ರೆ ಸೀರಿಯಸ್ಸಾಗಿ ಆಡ್ಲಿಲ್ಲ ಅನ್ನೋ ಧ್ವನಿ ಬರುತ್ತೆ. ನಾಟಕ ಅನ್ನೋ ಅರ್ಥದ 'ಪ್ಲೇ' 'ಪೆಸ', ವಿಡಿಯೋ ಓಡಿಸೋ ಬಟನ್ ಮೇಲೆ 'ರೆಪ್ರೊದುಜೀರ್' ಅಂತ ಹಾಕ್ತಾರೆ.

'ಇಯರ್' ಅಂದ್ರೆ ಹೊರಗೆ ಕಾಣೋ ಕಿವಿ 'ಒರೇಲ್ಯ', ಕೇಳಿಸ್ಕೊಳ್ಳೋ ಒಳಗಿನ ಕಿವಿ 'ಒವೀದು'. ಓಲೆ ಹಾಕ್ಕೊಳ್ಳೋದು ಒಂದಕ್ಕೆ, ನೋವು ಬರೋದು ಸಾಮಾನ್ಯವಾಗಿ ಇನ್ನೊಂದಕ್ಕೆ. 'ಕಾರ್ನರ್'ಗೂ ಹಿಂಗೇ, ಕೋಣೆಯ ಒಳಮೂಲೆ 'ಕಾಂತು', ಎರಡು ರಸ್ತೆ ಸೇರೋ ಹೊರಮೂಲೆ 'ಇಸ್ಕೀನ'. ಇವಕ್ಕೆ ಉಪಾಯ ಏನಿಲ್ಲ, ನೆನಪಿಟ್ಕೊಳ್ಳೋದೇ.

ಇನ್ನೊಂದು ಥರದ ಮೋಸ ಪರಿಚಯದ ಪದಗಳಿಂದ ಬರುತ್ತೆ. ನಮ್ಮ ಚಾವಿ, ಪಗಾರ, ಮೇಸ್ತ್ರಿ ಎಲ್ಲಾ ಪೋರ್ಚುಗೀಸರಿಂದ ಬಂದಿದ್ದೇ, ಅದಕ್ಕೆ ಅವನ್ನ ನೋಡಿದ್ರೆ ನೆಂಟರು ಸಿಕ್ಕಂಗಾಗುತ್ತೆ. ಆದ್ರೆ ಅಲ್ಲಿ 'ಪಗಾರ್' ಅಂದ್ರೆ ದುಡ್ಡು ಕೊಡೋದು, ಕ್ರಿಯಾಪದ, ತಿಂಗಳ ಸಂಬಳ ಅಲ್ಲ, ಸಂಬಳಕ್ಕೆ 'ಸಲಾರಿಯು'. 'ಮೆಸ್ತ್ರಿ' ಅಂದ್ರೆ ಗುರು, ಪಳಗಿದವರು ಅನ್ನೋ ಅರ್ಥ. 'ಶಾವಿ' ಬೀಗದ ಕೈ ಹೌದು, ಜೊತೆಗೆ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳ ಹೆಸರಲ್ಲೂ ಅದೇ ಇರುತ್ತೆ. ಇಂಗ್ಲಿಷ್ ಥರ ಕಾಣೋ ಪದಗಳು ಇನ್ನೂ ಅಪಾಯ. ಬಾಗಿಲ ಮೇಲೆ 'ಪೂಶಿ' ಅಂತಿದ್ರೆ ತಳ್ಬೇಡಿ, ಅದರರ್ಥ ಎಳೀರಿ ಅಂತ.

ಯಾರು ಓದ್ತಾರೆ ಅಂತ ಮೊದ್ಲು ಕೇಳಿ

ಅರ್ಥ ಸಿಕ್ತು ಅಂದ್ಮೇಲೂ ಕೆಲಸ ಮುಗಿದಿಲ್ಲ. ಬ್ರೆಜಿಲ್ಲಲ್ಲಿ 2022ರ ಜನಗಣತಿ ಪ್ರಕಾರ 20 ಕೋಟಿ ಮೇಲೆ ಜನ, ಪೋರ್ಚುಗಲ್ಲಲ್ಲಿ ಸುಮಾರು 1 ಕೋಟಿ, ಅಂಗೋಲ, ಮೊಜಾಂಬಿಕ್ ಬರವಣಿಗೇಲಿ ಹೆಚ್ಚಾಗಿ ಪೋರ್ಚುಗಲ್ ಕಡೆ. ಸ್ಪೆಲ್ಲಿಂಗ್ ಒಂದು ಮಾಡೋಣ ಅಂತ 1990ರಲ್ಲಿ ಒಪ್ಪಂದ ಮಾಡ್ಕೊಂಡ್ರು, ಆದ್ರೆ ಅದು ಸ್ಪೆಲ್ಲಿಂಗಿಗೆ ಮಾತ್ರ, ಪದಗಳು ಬೇರೆಬೇರೆನೇ ಉಳಿದ್ವು.

ಇದು ಯಾಕೆ ಮುಖ್ಯ ಅಂದ್ರೆ ಒಂದು ಕಡೆ ಸರಿಯಾದ ಪದ ಇನ್ನೊಂದು ಕಡೆ ಬೇರೆ ಅರ್ಥ ಕೊಡುತ್ತೆ. ಇಂಗ್ಲಿಷಿನ 'ಸೂಟ್' ತಗೊಳ್ಳಿ. ಹಾಕ್ಕೊಳ್ಳೋ ಸೂಟು ಬ್ರೆಜಿಲ್ಲಲ್ಲಿ 'ತೆರ್ನು', ಪೋರ್ಚುಗಲ್ಲಲ್ಲಿ 'ಫಾತು'. ಅದೇ 'ಫಾತು' ಬ್ರೆಜಿಲ್ಲಲ್ಲಿ ಸತ್ಯಾಂಶ, ಪೋರ್ಚುಗಲ್ಲಲ್ಲಿ ಸತ್ಯಾಂಶಕ್ಕೆ ಮಧ್ಯದಲ್ಲಿ 'ಕ' ಸೇರಿಸಿ 'ಫಾಕ್ತು' ಅಂತಾರೆ. ಕೋರ್ಟಿನ ದಾವೆ ಆದ್ರೆ 'ಪ್ರೊಸೆಸು', ಇಸ್ಪೀಟಿನ ಹಾರ್ಟು ಡೈಮಂಡು ಅನ್ನೋ ಗುಂಪು ಆದ್ರೆ 'ನಾಯ್ಪಿ', ಇವೆರಡಕ್ಕೆ ದೇಶದ ತಕರಾರಿಲ್ಲ. 'ಫೀ' ಇನ್ನೂ ಭಯಂಕರ. ಪೋರ್ಚುಗಲ್ಲಲ್ಲಿ ಯೂನಿವರ್ಸಿಟಿ ಫೀಸಿಗೆ 'ಪ್ರೊಪೀನ' ಅಂತಾರೆ, ಬ್ರೆಜಿಲ್ಲಲ್ಲಿ 'ಪ್ರೊಪೀನ' ಅಂದ್ರೆ ಲಂಚ. ಕಾಲೇಜಿನ ಬ್ರೋಷರಲ್ಲಿ ಅದು ಹೋಗಿ ಕೂತ್ರೆ ಏನಾಗುತ್ತೆ ಊಹಿಸ್ಕೊಳ್ಳಿ. ಬ್ರೆಜಿಲ್ಲಿಗಾದ್ರೆ 'ಮೆನ್ಸಲಿದಾಜಿ' ಅಥವಾ 'ತಾಶ' ಹಾಕಿ.

ಕಂಪ್ಯೂಟರ್ ವಿಷಯದಲ್ಲಂತೂ ಮೆನು ಪೂರ್ತಿ ಬೇರೆ. 'ಫೈಲ್' ಬ್ರೆಜಿಲ್ಲಲ್ಲಿ 'ಅರ್ಕೀವು', ಪೋರ್ಚುಗಲ್ಲಲ್ಲಿ 'ಫಿಶೆಯ್ರು', ಉಜ್ಜೋ ಅರ ಆದ್ರೆ ಎರಡೂ ಕಡೆ 'ಲೀಮ'. 'ಸೇವ್' ಬ್ರೆಜಿಲ್ಲಲ್ಲಿ 'ಸಲ್ವಾರ್', ಜೀವ ಉಳಿಸೋದಕ್ಕೂ ಅದೇ, ಪೋರ್ಚುಗಲ್ಲಲ್ಲಿ ಫೈಲನ್ನ 'ಗುವರ್ದಾರ್' ಮಾಡ್ತಾರೆ, ಎತ್ತಿಡು ಅನ್ನೋ ಅರ್ಥ. ದುಡ್ಡು ಉಳಿಸೋದು ಎರಡೂ ಅಲ್ಲ, 'ಪೊಪಾರ್' ಅಥವಾ 'ಇಕೊನೊಮಿಜಾರ್'. 'ಮೌಸ್' ಬ್ರೆಜಿಲ್ಲಲ್ಲಿ ಮೌಸೇ, ಪೋರ್ಚುಗಲ್ಲಲ್ಲಿ ನಿಜವಾದ ಇಲಿನೇ, 'ರಾತು'. ಯಾವುದಾದ್ರೂ ಕೀ ಒತ್ತಿ ಅನ್ನೋದಕ್ಕೆ ಪೋರ್ಚುಗಲ್ಲಲ್ಲಿ 'ಪ್ರೀಮ' ಅಂತ ಶುರುಮಾಡ್ತಾರೆ, ಅದಕ್ಕೆ ಸೋದರ ಸಂಬಂಧಿ ಹುಡುಗಿ ಅನ್ನೋ ಅರ್ಥಾನೂ ಇದೆ, ಬ್ರೆಜಿಲ್ಲಿನವರು ಅದನ್ನ ನೋಡಿ ನಕ್ರೆ ಆಶ್ಚರ್ಯ ಇಲ್ಲ.

'ಯೂ' ಅನ್ನೋದನ್ನ ಜನ ಹಲವು ಅರ್ಥದ ಪದ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ನೀನು, ನೀವು, ನೀವೆಲ್ಲ ಮೂರೂ ಅದ್ರಲ್ಲೇ ಇದೆ ಅಂತ ನಮಗೆ ತಕ್ಷಣ ಹೊಳೆಯುತ್ತೆ. ಬ್ರೆಜಿಲ್ಲಲ್ಲಿ ಬಹುತೇಕ ಕಡೆ 'ವೊಸೇ' ಸಾಕು, ಹಿರಿಯರಿಗೆ ಗಂಡಸಾದ್ರೆ 'ಉ ಸೆನ್ಯೋರ್', ಹೆಂಗಸಾದ್ರೆ 'ಅ ಸೆನ್ಯೋರ'. ಪೋರ್ಚುಗಲ್ಲಲ್ಲಿ ಸಲಿಗೆ ಇದ್ದೋರಿಗೆ 'ತು', 'ವೊಸೇ' ಅಂದ್ರೆ ಕೆಲವರಿಗೆ ಒರಟಾಗಿ ಕೇಳುತ್ತೆ, ಅದಕ್ಕೆ ಸರ್ವನಾಮನೇ ಬಿಟ್ಟು ಕ್ರಿಯಾಪದದಲ್ಲೇ ಮರ್ಯಾದೆ ತೋರಿಸ್ತಾರೆ. ಗೊತ್ತಾಗ್ಲಿಲ್ಲ ಅಂದ್ರೆ ನೀವೂ ಬಿಟ್ಬಿಡಿ, ವ್ಯಾಕರಣ ಅದಕ್ಕೆ ಅವಕಾಶ ಕೊಡುತ್ತೆ.

ಲಿಂಗ ಮರೀಬೇಡಿ

ಪೋರ್ಚುಗೀಸಲ್ಲಿ ಮೇಜು ಕುರ್ಚಿಗೂ ಗಂಡು ಹೆಣ್ಣು ಇದೆ, ಸರಿ. ಕೆಲವು ಸಲ ಪದ ಅದೇ ಇದ್ದು ಲಿಂಗ ಬದಲಾದ್ರೆ ಅರ್ಥಾನೇ ಬದಲಾಗುತ್ತೆ. 'ಕ್ಯಾಪಿಟಲ್'ಗೆ ಎರಡು ಅರ್ಥಕ್ಕೂ 'ಕಪಿತಾಲ್'ನೇ, ಆದ್ರೆ 'ಉ ಕಪಿತಾಲ್' ಅಂದ್ರೆ ಬಂಡವಾಳ, 'ಅ ಕಪಿತಾಲ್' ಅಂದ್ರೆ ರಾಜಧಾನಿ. ದೊಡ್ಡಕ್ಷರದ ಕ್ಯಾಪಿಟಲ್ ಆದ್ರೆ ಅದಕ್ಕೆ ಸಂಬಂಧಾನೇ ಇಲ್ದಿರೋ 'ಮಯೂಸ್ಕುಲ'. ರೇಡಿಯೋ ಪೆಟ್ಟಿಗೆ ಪುಲ್ಲಿಂಗ, ರೇಡಿಯೋ ಸ್ಟೇಷನ್ ಸ್ತ್ರೀಲಿಂಗ. 'ರೈಟ್' ಕೂಡ ಇದೇ ಜಾತಿ: ಹಕ್ಕು 'ದಿರೆಯ್ತು', ಬಲಗಡೆ 'ದಿರೆಯ್ತ', ಕೊನೆ ಸ್ವರ ಒಂದೇ ವ್ಯತ್ಯಾಸ, ಸರಿ ಅನ್ನೋದಕ್ಕೆ 'ಸೆರ್ತು'. ಅವಸರದಲ್ಲಿ ಟೈಪ್ ಮಾಡಿದ್ರೆ ಮಾನವ ಹಕ್ಕು ಹೋಗಿ ಬಲಗಡೆಗೆ ತಿರುಗ್ಬಿಡುತ್ತೆ.

ಡಿಕ್ಷನರಿ ನೋಡೋ ರೀತಿ

ಇಂಗ್ಲಿಷ್–ಪೋರ್ಚುಗೀಸ್ ಡಿಕ್ಷನರಿ ಬರೀ ಅಭ್ಯರ್ಥಿಗಳ ಪಟ್ಟಿ ಕೊಡುತ್ತೆ ಅನ್ಕೊಳ್ಳಿ, ಆಯ್ಕೆ ಅದರ ಕೆಲಸ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತೀಲಿ 'ಸೆಟ್' ಅನ್ನೋ ಒಂದು ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದಾರೆ ಅಂತ ಲೆಕ್ಕ, ಹಾಗಿರುವಾಗ ಯಾವ ಪಟ್ಟಿ ಸಾಕಾಗುತ್ತೆ? ಪದಕ್ಕಿಂತ ಅದರ ಅಕ್ಕಪಕ್ಕ ಯಾರಿದಾರೆ ಅಂತ ನೋಡಿ. ಸೂರ್ಯ ಇದ್ರೆ ಮುಳುಗೋದು, 'ಸಿ ಪೋರ್'. ತಾರೀಕು ಇದ್ರೆ ಗೊತ್ತುಮಾಡೋದು, 'ಮರ್ಕಾರ್'. ಸಿಮೆಂಟ್ ಇದ್ರೆ ಗಟ್ಟಿಯಾಗೋದು, 'ಇಂದುರೆಸೇರ್'. ಸಾಮಾನಿನ ಜೊತೆ ಇದ್ರೆ ನಾಮಪದ, 'ಕೊಂಜುಂತು' ಅಥವಾ 'ಜೋಗು', ಆ 'ಜೋಗು' ಅಂದ್ರೆ ಆಟ ಅಂತಾನೂ ಅರ್ಥ. ನಾಮಪದನಾ ಕ್ರಿಯಾಪದನಾ ಅನ್ನೋದೊಂದನ್ನ ಮೊದ್ಲೇ ತೀರ್ಮಾನ ಮಾಡ್ಕೊಂಡ್ರೂ ಪಟ್ಟಿ ಅರ್ಧಕ್ಕಿಳಿಯುತ್ತೆ.

ಒಂದು ಪದ ಆರಿಸಿದ್ಮೇಲೆ ಅದನ್ನ ಪೋರ್ಚುಗೀಸ್–ಪೋರ್ಚುಗೀಸ್ ಡಿಕ್ಷನರೀಲಿ ಹುಡುಕಿ, ಇದನ್ನ ಮಾತ್ರ ಯಾವತ್ತೂ ಬಿಡ್ಬೇಡಿ. ಪೋರ್ಚುಗಲ್ಲಿಗೆ ಪ್ರಿಬೆರಾಂ ಮತ್ತೆ ಇನ್ಫೊಪೀಡಿಯ, ಬ್ರೆಜಿಲ್ಲಿಗೆ ಮಿಕಾಯೆಲಿಸ್, ಮೂರೂ ಆನ್‌ಲೈನಲ್ಲಿವೆ. ವ್ಯಾಕರಣ ಸಂಶಯಕ್ಕೆ ಸೀಬೆರ್ದೂವಿದಸ್ ಅನ್ನೋ ತಾಣ 1997ರಿಂದ ಪ್ರಶ್ನೋತ್ತರ ನಡೆಸ್ತಿದೆ, ನಿಮ್ಮ ಪ್ರಶ್ನೆನ ಯಾರೋ ಆಗ್ಲೇ ಕೇಳಿರೋ ಸಾಧ್ಯತೆ ಇದೆ. ಪದ ವಾಕ್ಯದೊಳಗೆ ಹೇಗೆ ಬರುತ್ತೆ ಅಂತ ಎರಡೂ ಭಾಷೆಲಿ ಅಕ್ಕಪಕ್ಕ ನೋಡೋಕೆ ಲಿಂಗ್ವೀ ಅನ್ನೋ ತಾಣ ಒಳ್ಳೇದು, ಆದ್ರೆ ಅಲ್ಲಿರೋದೆಲ್ಲ ಒಳ್ಳೆ ಅನುವಾದ ಅಂತ ನಂಬ್ಬೇಡಿ.

ವಸ್ತುವಿನ ಹೆಸರಾದ್ರೆ ನಾನು ಡಿಕ್ಷನರಿಗೂ ಮೊದ್ಲು ವಿಕಿಪೀಡಿಯ ತೆಗೀತೀನಿ. 'ಕ್ರೇನ್' ಅಂತ ಹಾಕಿದ್ರೆ ಹಕ್ಕಿ ಬೇರೆ ಪುಟ, ಯಂತ್ರ ಬೇರೆ ಪುಟ ಅಂತ ಇಂಗ್ಲಿಷ್ ವಿಕಿಪೀಡಿಯಾನೇ ಒಡೆದು ಕೊಟ್ಟಿರುತ್ತೆ, ಬೇಕಾದ ಪುಟಕ್ಕೆ ಹೋಗಿ ಭಾಷೆಗಳ ಪಟ್ಟೀಲಿ ಪೋರ್ಚುಗೀಸ್ ಒತ್ತಿದ್ರೆ ಹಕ್ಕಿಗೆ 'ಗ್ರೋ', ಯಂತ್ರಕ್ಕೆ 'ಗಿಂದಾಸ್ತಿ' ಅಂತ ಸಿಗುತ್ತೆ. ಇನ್ನೂ ಅನುಮಾನ ಇದ್ರೆ ಪೋರ್ಚುಗೀಸ್ ಪದ ಹಾಕಿ ಚಿತ್ರ ಹುಡುಕಿ. ಮೊಳೆ ಬೇಕಾಗಿದ್ದಕ್ಕೆ ಉಗುರಿನ ಚಿತ್ರ ಬಂತು ಅಂದ್ರೆ 'ಪ್ರೆಗು' ಬಿಟ್ಟು 'ಊನ್ಯ' ಹಾಕಿದೀರಿ ಅಂತ ಅರ್ಥ.

ಮಷೀನ್ ಅನುವಾದ ಬಳಸ್ಬೇಡಿ ಅಂತ ನಾನು ಹೇಳಲ್ಲ, ನಾನೂ ಬಳಸ್ತೀನಿ. ಒಂಟಿ ಪದ ಹಾಕ್ಬೇಡಿ ಅಷ್ಟೇ, ಪೂರ್ತಿ ವಾಕ್ಯ ಹಾಕಿ, ಸಾಧ್ಯ ಆದ್ರೆ ಹಿಂದಿನ ಮುಂದಿನ ವಾಕ್ಯಾನೂ ಹಾಕಿ. ಯಾವ ದೇಶದ ಪೋರ್ಚುಗೀಸ್ ಅಂತ ಆರಿಸ್ಕೊಳ್ಳಿ, ಡೀಪ್‌ಎಲ್‌ನಲ್ಲಿ ಆ ಆಯ್ಕೆ ಇದೆ, ಗೂಗಲ್ ಟ್ರಾನ್ಸ್‌ಲೇಟ್‌ಗೂ 2024ರಲ್ಲಿ ಪೋರ್ಚುಗಲ್ಲಿಂದು ಬೇರೆ ಬಂತು. ಬಂದ ಉತ್ತರನ ಇಂಗ್ಲಿಷಿಗೆ ವಾಪಸ್ ತಿರುಗಿಸಿ ನೋಡೋದು ಚಾಲ್ತೀಲಿರೋ ಉಪಾಯ, ಆದ್ರೆ ಇಂಗ್ಲಿಷಿಗೆ ತಿರುಗಿಸಿದ್ರೆ ಮತ್ತೆ ಅದೇ ಗಂಟು ಪದ ಬಂದು ಎಲ್ಲಾ ಸರಿ ಇದೆ ಅಂತ ಅನ್ನಿಸ್ಬಿಡುತ್ತೆ. ಹಂಗಾಗಿ ನಾನು ಕನ್ನಡಕ್ಕೆ ತಿರುಗಿಸ್ತೀನಿ. ರೈಲು 'ಮಿಸ್' ಆಗಿದ್ದು 'ತಪ್ಪಿಹೋಯ್ತು' ಅಂತ ಬರ್ಬೇಕು, ಅಂದ್ರೆ 'ಪೆರ್ದೇರ್'. 'ನೆನಪಾಗ್ತಿದೆ' ಅಂತ ಬಂದ್ರೆ ದೂರ ಇರೋರನ್ನ ನೆನೆದು ಹಂಬಲಿಸೋ 'ಮಿಸ್', ಅಂದ್ರೆ 'ಸೌದಾಜಿ'ನ, ರೈಲಿನ ಮೇಲೆ ಇಟ್ಟಿದೀನಿ ಅಂತ ಗೊತ್ತಾಗುತ್ತೆ.

ಸಾಫ್ಟ್‌ವೇರ್ ಪಟ್ಟಿ ಥರದ ಕೆಲಸದಲ್ಲಿ ವಾಕ್ಯಾನೇ ಇರಲ್ಲ. 'ಓಪನ್' ಅಂತ ಒಂದೇ ಪದ ಇರುತ್ತೆ, ತೆರೆ ಅಂತ ಬಟನ್ನಾದ್ರೆ 'ಅಬ್ರೀರ್', ತೆರೆದಿದೆ ಅಂತ ಸ್ಥಿತಿ ಆದ್ರೆ 'ಅಬೆರ್ತು', ತೆರೆದಿರೋ ವಸ್ತು ಸ್ತ್ರೀಲಿಂಗ ಆದ್ರೆ 'ಅಬೆರ್ತ'. ಊಹೆ ಮಾಡ್ಬೇಡಿ, ಸ್ಕ್ರೀನ್‌ಶಾಟ್ ಕೇಳಿ. ಕೊಡಲ್ಲ ಅಂದ್ರೆ ಪಕ್ಕದ ಕಾಲಂನಲ್ಲಿ 'ಬಟನ್ ಅಂತ ಭಾವಿಸಿದೀನಿ' ಅಂತ ಒಂದು ಸಾಲು ಬರೆದಿಡಿ. ಆ ಕೀ ಪ್ರಕರಣ ಆದ್ಮೇಲೆ ನಾನು ಯಾವ ಒಂಟಿ ಪದಾನೂ ಹಂಗೇ ಕಳ್ಸಿಲ್ಲ.

ಎರಡು ಅರ್ಥಾನೂ ಬೇಕು ಅಂದ್ರೆ

ಬರೆದೋರು ಬೇಕಂತಲೇ ಎರಡರ್ಥ ಇಟ್ಟಿರೋದೂ ಉಂಟು, ಜೋಕಲ್ಲಿ, ಜಾಹೀರಾತಲ್ಲಿ. ಇಲ್ಲಿ ಜರಡಿ ಹಿಡಿದ್ರೆ ಜೋಕೇ ಸೋರಿಹೋಗುತ್ತೆ. ಒಬ್ಬ 'ಬ್ಯಾಂಕ್' ಮೇಲೆ ಕೂತು ದುಡ್ಡು ಎಣಿಸ್ತಿದ್ದ ಅಂತ ಇಂಗ್ಲಿಷಲ್ಲಿ ನದಿ ದಡಕ್ಕೂ ದುಡ್ಡಿನ ಬ್ಯಾಂಕಿಗೂ ಗಂಟು ಹಾಕಿ ನಗಿಸ್ತಾರೆ ಅನ್ಕೊಳ್ಳಿ. ಪೋರ್ಚುಗೀಸಲ್ಲಿ ದಡ 'ಮಾರ್ಜೆಂ', ಬ್ಯಾಂಕು 'ಬಾಂಕು', ಗಂಟು ಬಿಚ್ಚೋಯ್ತು. ಆದ್ರೆ 'ಬಾಂಕು' ಅಂದ್ರೆ ಕೂರೋ ಬೆಂಚು ಅಂತಾನೂ ಅರ್ಥ ಇದೆ. ಹಂಗಾಗಿ ನದೀನ ತೆಗೆದಾಕಿ ಅವನನ್ನ ಪಾರ್ಕಿನ ಬೆಂಚಿನ ಮೇಲೆ ಕೂರಿಸಿದ್ರೆ ನಗು ಉಳಿಯುತ್ತೆ, ನೀರು ಮಾತ್ರ ಹೋಗುತ್ತೆ. ಪಕ್ಕದಲ್ಲಿ ನದಿಯ ಚಿತ್ರ ಇದ್ರೆ ಮಾತ್ರ ಈ ಆಟ ನಡೆಯಲ್ಲ, ಆಗ ಜೋಕನ್ನ ಆ ಸಾಲಲ್ಲಿ ಬಿಟ್ಟು ಮುಂದಿನ ಸಾಲಲ್ಲಿ ಎಲ್ಲಾದ್ರೂ ತರ್ಬೇಕು. ನಂಗೆ ಇಷ್ಟದ ಪದ 'ಮಾಂಗ', ಅಂಗಿ ತೋಳಿಗೂ ಅದೇ, ಮಾವಿನಹಣ್ಣಿಗೂ ಅದೇ. ತೋಳು ಲ್ಯಾಟಿನ್ನಿಂದ ಬಂದಿದ್ದು, ಹಣ್ಣಿನ ಹೆಸರು ಮಲಯಾಳಂನಿಂದ ಹೋಗಿದ್ದು, ಇಬ್ಬರೂ ಅಲ್ಲಿ ಹೋಗಿ ಅಕಸ್ಮಾತ್ ಒಂದೇ ಮನೇಲಿ ಸೇರ್ಕೊಂಡ್ರು. ಇಂಗ್ಲಿಷ್ ಜೋಕು ಎಲ್ಲಿ ಸತ್ರೂ ಇಂಥದ್ದೊಂದು ಕೈಯಲ್ಲಿದ್ರೆ ಎರಡು ಸಾಲು ಕೆಳಗೆ ಲೆಕ್ಕ ಚುಕ್ತಾ ಮಾಡ್ಬಹುದು, ಆದ್ರೆ ಹಂಗೆ ಬದಲಾಯಿಸಿದೀನಿ ಅಂತ ಕೆಲಸ ಕೊಟ್ಟೋರಿಗೆ ಒಂದು ಟಿಪ್ಪಣಿ ಹಾಕಿ, ಇಲ್ಲಾಂದ್ರೆ ನದಿ ಎಲ್ಲೋಯ್ತು ಅಂತ ಮೇಲ್ ಬರುತ್ತೆ.